ಲಿಫ್ಟಿನಲ್ಲಿ ಆಡಿದ ಮಾತು

"ಈಗ ಪಾತ್ರ ಬದಲಿಸೋಣ," ಎಂದರು ಪಾಠ ಮಾಡುತ್ತಿದ್ದ ಮಾರ್ಗರೆಟ್. "ಟೋನಿ, ನೀವು ಎಚ್‌ಆರ್. ವೈದೇಹಿ, ನೀವು ಕೆಲಸ ಕಳೆದುಕೊಳ್ಳುವವರು."

ವೈದೇಹಿಯ ಎದೆ ಧಸಕ್ಕೆಂದಿತು. ಗುರುವಾರ ಸಂಜೆಯ ಈ ಕ್ಲಾಸಿಗೆ ಸೇರಿದಾಗಿನಿಂದ ಆ ಪಾತ್ರ ಅವಳ ಪಾಲಿಗೆ ಬಂದೇ ಇರಲಿಲ್ಲ. ಬೇರೆ ಬೇರೆ ಕಂಪನಿಗಳ ಎಚ್‌ಆರ್‌ನವರು ಆಫೀಸು ಮುಗಿಸಿಕೊಂಡು, ಅರ್ಧ ನಿದ್ದೆಗಣ್ಣಿನಲ್ಲಿ ಬಂದು ಕೂರುವ ತರಗತಿ ಅದು. ನೇಮಕಾತಿ, ಸಂಬಳ, ಕಾನೂನು ಎಲ್ಲ ಮುಗಿದು ಈಗ ಜನರನ್ನು ಕೆಲಸದಿಂದ ತೆಗೆಯುವ ಪಾಠ ನಡೆದಿತ್ತು. ಇಂಥದ್ದನ್ನೂ ಕಲಿಸುತ್ತಾರೆಂದರೆ ಧಾರವಾಡದಲ್ಲಿದ್ದ ಅವಳ ಅವ್ವ ಫೋನಿನಲ್ಲೇ ನಕ್ಕುಬಿಟ್ಟಿದ್ದಳು. "ಅದರಾಗ ಕಲಿಯೂದೇನದ? ನಾಳಿಂದ ಬರಬ್ಯಾಡ ಅಂದ್ರ ಆತು."

ಅವ್ವನಿಗೇನು ಗೊತ್ತು. ಮೊದಲ ವಾಕ್ಯದಲ್ಲೇ ವಿಷಯ ಹೇಳಿಬಿಡಬೇಕು. ಹವಾಮಾನದ ಮಾತು ಕೂಡದು. ಕ್ಷಮೆ ಕೇಳಕೂಡದು, ಕೇಳಿದರೆ ತಪ್ಪು ಒಪ್ಪಿಕೊಂಡಂತೆ. ಎದುರಿನವರು ಏನೇ ಅಂದರೂ ಬರೆದುಕೊಟ್ಟ ಮಾತಿನಿಂದ ಆಚೀಚೆ ಸರಿಯಕೂಡದು. ವೈದೇಹಿ ಇದರಲ್ಲಿ ಎತ್ತಿದ ಕೈ. ಈ ಸಂಜೆಯದೇ ಕೊನೆಯ ಪರೀಕ್ಷೆ. ಅದು ಪಾಸಾದರೆ ಆಫೀಸಿನಲ್ಲಿ ಮ್ಯಾನೇಜರ್ ಹುದ್ದೆ ಕೊಡುವುದಾಗಿ ಹೇಳಿದ್ದರು. ಗಂಡ ಚಂದ್ರಶೇಖರ್ ಡಾಕ್ಟರು. ಅವನ ಆಸ್ಪತ್ರೆಗಳ ಹಿಂದೆ ಈ ಪರದೇಶದಲ್ಲಿ ಊರೂರು ಅಲೆದು, ಎಲ್ಲ ಕಡೆ ತಾತ್ಕಾಲಿಕ ಕೆಲಸ ಮಾಡಿಕೊಂಡು ಬಂದವಳಿಗೆ ಇದು ತನ್ನದೇ ಎಂದು ಸಿಗುವ ಮೊದಲ ಮೆಟ್ಟಿಲು. ಅದಕ್ಕಾಗಿ ಎರಡು ಚಳಿಗಾಲ ಪುಸ್ತಕ ಹಿಡಿದುಕೊಂಡೇ ನೆಲದಡಿಯ ಟ್ಯೂಬ್ ರೈಲು ಹತ್ತಿದ್ದಳು.

ಎರಡನೆಯ ಚಳಿಗಾಲ 2009ರದ್ದು. ಬ್ಯಾಂಕುಗಳು ಕುಸಿದು, ಬ್ಯಾಂಕು ಕಚೇರಿಗಳ ಬೀಡಾದ ಕ್ಯಾನರಿ ವಾರ್ಫಿನಲ್ಲಿ ದಿನಾ ಯಾರಾದರೊಬ್ಬರು ರಟ್ಟಿನ ಪೆಟ್ಟಿಗೆ ಹಿಡಿದು ಹೊರಬೀಳುತ್ತಿದ್ದ ಕಾಲ. ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಅವಳ ಕಂಪನಿಯೂ ಜನವರಿಯಲ್ಲಿ ಹೋಗಬೇಕಾದವರ ಹೆಸರು ಆರಿಸಿತು. ಹೆಸರುಗಳು ಮೊದಲು ಬರುವುದು ಎಚ್‌ಆರ್‌ಗೆ. ಘೋಷಣೆಯಾಗುವವರೆಗೆ ತುಟಿ ಬಿಚ್ಚುವಂತಿಲ್ಲ.

ಆ ದಿನಗಳು ಅವಳ ನಿದ್ದೆ ತಿಂದವು. ಹೋಗಲಿರುವವರೆಲ್ಲ ಏನೂ ತಿಳಿಯದೆ ಓಡಾಡಿಕೊಂಡಿದ್ದರು. ಒಬ್ಬಳು ಬೆನ್ನುನೋವಿಗೆ ಹೊಸ ಕುರ್ಚಿ ಕೇಳಿಕೊಂಡು ಬಂದಳು. ಇನ್ನೊಬ್ಬ ಬೇಸಿಗೆಯ ರಜೆಗೆ ಈಗಲೇ ಅರ್ಜಿ ಹಾಕಿದ. ಕ್ಯಾಂಟೀನಿನಲ್ಲಿ ಅವರು ನಗುವುದು ಕೇಳಿಸಿದರೆ ವೈದೇಹಿಯ ಮೈ ಜುಂ ಎನ್ನುತ್ತಿತ್ತು. ಸತ್ತವರ ಜೊತೆ ಕೂತು ಸ್ಯಾಂಡ್‌ವಿಚ್ ತಿಂದಂತಾಗುತ್ತಿತ್ತು ಅವಳಿಗೆ.

ಅವರಲ್ಲೊಬ್ಬ ಲಕ್ಷ್ಮೀಶ. ಮೈಸೂರಿನವನು, ವರ್ಕ್ ಪರ್ಮಿಟ್ ಮೇಲೆ ಬಂದವನು. ಆ ಕಟ್ಟಡದಲ್ಲಿ ಅವಳೊಂದಿಗೆ ಕನ್ನಡ ಆಡುತ್ತಿದ್ದವನು ಅವನೊಬ್ಬನೇ. ಒಂದು ಬೆಳಿಗ್ಗೆ ಲಿಫ್ಟಿನಲ್ಲಿ ಇಬ್ಬರೇ ಇದ್ದಾಗ ಕೇಳಿದ.

"ಮೇಡಂ, ನಮ್ಮನೆಯವಳು ಮೈಸೂರಲ್ಲಿ ಹೈಸ್ಕೂಲ್ ಟೀಚರ್ ಅಂತ ಹೇಳಿದ್ನಲ್ಲ. ತಗೊಂಡಿದ್ದ ರಜೆ ಮುಗೀತು. ಒಂದೋ ಮತ್ತೆ ಡ್ಯೂಟಿಗೆ ಸೇರ್ಕೋಬೇಕು, ಇಲ್ಲಾ ರಾಜೀನಾಮೆ ಕೊಟ್ಟು ಇಲ್ಲಿಗೆ ಬರ್ಬೇಕು. ಬಾ ಅಂದುಬಿಡ್ಲಾ?"

ಅದು ಪರ್ಮನೆಂಟ್ ಕೆಲಸವೆಂದೂ, ವರ್ಷಗಟ್ಟಲೆ ಕಾದು ಸಿಕ್ಕಿದ್ದೆಂದೂ ಅವಳಿಗೆ ಗೊತ್ತಿತ್ತು. ಅವನ ಹೆಸರು ಎಲ್ಲಿದೆ ಎಂಬುದೂ ಗೊತ್ತಿತ್ತು. "ನನ್ನನ್ನು ಕೇಳಬೇಡಿ" ಎಂದರೆ ಸಾಕಾಗಿತ್ತು. ಆದರೆ ಹೆಂಡತಿಯನ್ನು ಮನೆ ತುಂಬಿಸಿಕೊಳ್ಳಲು ಹೊರಟವನು ಬಾಯಿಬಿಟ್ಟು ಕೇಳಿದಾಗ ಬೇಡ ಎನ್ನಬಾರದು, ಅಡ್ಡ ಮಾತು ಆಡಬಾರದು. ಅವ್ವ, ಅಜ್ಜಿ, ಓಣಿಯ ಹೆಂಗಸರು ಯಾರೂ ಆಡಿದವರಲ್ಲ. ಯೋಚಿಸುವ ಮೊದಲೇ ಬಾಯಿ ತನ್ನ ರೂಢಿಯ ಕೆಲಸ ಮಾಡಿಬಿಟ್ಟಿತು.

"ಬರ್ಲಿ ತಗೋರಿ, ಎಲ್ಲಾ ಛಲೋ ಆಗ್ತದ."

ಲಕ್ಷ್ಮೀಶನ ಮುಖ ಅರಳಿತು. ಹಾರೈಕೆಯಾಗಿ ಆಡಿದ ಮಾತು ಅವನ ಕಿವಿಗೆ ಒಳಗಿನ ಸುದ್ದಿಯಾಗಿ ಬಿದ್ದಿತ್ತು. ಎಚ್‌ಆರ್‌ನ ಮೇಡಮ್ಮೇ ಬರ್ಲಿ ಅಂದರೆ ಇನ್ನೇನು ಅನುಮಾನ? ಲಿಫ್ಟಿನ ಬಾಗಿಲು ತೆರೆಯಿತು, ಅವನು ಥ್ಯಾಂಕ್ಸ್ ಹೇಳಿ ಇಳಿದುಹೋದ. ಕರೆದು ನಿಲ್ಲಿಸಬೇಕೆಂದು ಬಾಯಿ ತೆರೆದಳು. ಬಾಗಿಲು ಮುಚ್ಚಿಕೊಂಡಿತು. ಆಮೇಲಾದರೂ ಹುಡುಕಿಕೊಂಡು ಹೋಗಬಹುದಿತ್ತು, ಹೋಗಲಿಲ್ಲ.

ಲಕ್ಷ್ಮೀಶನ ಹೆಂಡತಿ ರಾಜೀನಾಮೆ ಕೊಟ್ಟು ವಿಮಾನ ಹತ್ತಿದಳು. ಅವಳು ಬಂದಿಳಿದ ವಾರವೇ ಲಕ್ಷ್ಮೀಶನನ್ನು ಕರೆಸಿದರು. ಅವನ ವಿಭಾಗದ ಮುಖ್ಯಸ್ಥ ಗ್ರಹಾಂ ಪಕ್ಕದಲ್ಲಿ ಕೂತಿದ್ದ. ವೈದೇಹಿ ಮೊದಲ ವಾಕ್ಯದಲ್ಲೇ ವಿಷಯ ಹೇಳಿದಳು, ಕಲಿತಂತೆ. ಲಕ್ಷ್ಮೀಶ ಕೂಗಾಡಲಿಲ್ಲ. ಅವಳದೇ ಧಾರವಾಡದ ರಾಗದಲ್ಲಿ, ಮೆಲ್ಲಗೆ ಕೇಳಿದ:

"ಬರ್ಲಿ ತಗೋರಿ, ಎಲ್ಲಾ ಛಲೋ ಆಗ್ತದ ಅಂದಿದ್ರಲ್ಲ ಮೇಡಂ?"

ಗ್ರಹಾಂ ಅವಳ ಕಡೆ ತಿರುಗಿದ. "ಏನಂತೆ?"

"ನೋಟಿಸ್ ಅವಧಿ ಎಷ್ಟು ಅಂತ ಕೇಳುತ್ತಿದ್ದಾರೆ," ಎಂದಳು ವೈದೇಹಿ, ಇಂಗ್ಲಿಷಿನಲ್ಲಿ. ಲಕ್ಷ್ಮೀಶನಿಗೆ ಇಂಗ್ಲಿಷ್ ಬಾರದೇನು? ಅವನು ಕೇಳಿಸಿಕೊಂಡ, ತಲೆ ತಗ್ಗಿಸಿದ, ಅಷ್ಟೇ.

ಅಂದಿನಿಂದ ಆ ಮಾತು ಅವಳ ಬೆನ್ನು ಬಿಡಲಿಲ್ಲ. ಮನೆ ಹತ್ತಿರದ ಕೊಲಿಂಡೇಲ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತರೆ ಹಿಂದಿನಿಂದ ಯಾರೋ ಅಂದಂತಾಗುತ್ತಿತ್ತು. ತಿರುಗಿದರೆ ಯಾರೂ ಇಲ್ಲ. ಸ್ನಾನದ ನೀರಿನ ಸದ್ದಿನಲ್ಲಿ ಅದೇ, ಲಿಫ್ಟಿನ ಗುಂಯ್‌ಗುಟ್ಟುವಿಕೆಯಲ್ಲಿ ಅದೇ. ಅವನ ದನಿ, ತನ್ನ ಊರಿನ ರಾಗ. ಪಕ್ಕದ ಫ್ಲ್ಯಾಟಿನ ಬಸುರಿ ಹುಡುಗಿ ಯುಗಾದಿಯ ಬೇವು-ಬೆಲ್ಲ ಹಿಡಿದು ಬಂದು ಕಾಲಿಗೆ ಬಗ್ಗಿದಾಗ ಹರಸಲು ಬಾಯಿ ತೆರೆದಳು. ಹರಸದೆ ಸುಮ್ಮನೆ ತಲೆ ಸವರಿ ಕಳಿಸಿದಳು. ಹುಟ್ಟಿದಾಗಿನಿಂದ ಆಡಿಕೊಂಡು ಬಂದ ಮಾತಿಗೇ ಹೆದರುವಂತಾಗಿತ್ತಲ್ಲ, ಅದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಅಳು ತರಿಸುತ್ತಿತ್ತು.

ಲಕ್ಷ್ಮೀಶ ಮೇಲ್ಮನವಿ ಹಾಕಿದ್ದ. ನಾಳೆ ಬೆಳಿಗ್ಗೆ ಅದರ ವಿಚಾರಣೆ. ಎಚ್‌ಆರ್‌ನವರೇ ಒಬ್ಬ ನೌಕರನಿಗೆ ತಪ್ಪು ಭರವಸೆ ಕೊಟ್ಟಿದ್ದರೆ ತೀರ್ಮಾನ ರದ್ದು, ಅವನಿಗೆ ಬೇರೆ ವಿಭಾಗದಲ್ಲಿ ಜಾಗ ಹುಡುಕಬೇಕು ಎಂಬ ನಿಯಮ ಕಂಪನಿಯಲ್ಲಿತ್ತು. ಆ ನಿಯಮದ ಕರಡು ತಿದ್ದಿದವಳೇ ವೈದೇಹಿ. ಭರವಸೆ ಕೊಟ್ಟವರು ಕೆಲಸ ಕಳೆದುಕೊಳ್ಳುತ್ತಾರೆ ಎಂಬುದೂ ಅದರಲ್ಲೇ ಇತ್ತು.

ಈ ಸಂಜೆ ಕ್ಲಾಸಿಗೆ ಹೊರಟವಳಿಗೆ ಸ್ಟೇಷನ್ನಿನ ಎಸ್ಕಲೇಟರಿನ ಬುಡದಲ್ಲಿ ಲಕ್ಷ್ಮೀಶ ಸಿಕ್ಕಿದ್ದ. ಕಾಯುತ್ತಿದ್ದನೇನೋ.

"ನಾಳೆ ನಿಮ್ಮ ಹೆಸರು ಎತ್ತಲ್ಲ ಮೇಡಂ. ಹೆದರ್ಕೋಬೇಡಿ. ನೀವು ಒಳ್ಳೇ ಮನಸ್ಸಿಂದ ಅಂದ್ರಿ, ನಾನೇ ತಪ್ಪು ತಿಳ್ಕೊಂಡೆ. ಕೆಲಸ ಚೆನ್ನಾಗಿ ಮಾಡ್ದೋನು ಅಂತಷ್ಟೇ ಕೇಳ್ಕೋತೀನಿ."

"ನಿಮ್ಮ ಮನೆಯವರು ಏನಂತಾರೆ?"

"ಅವಳಿಗೆ ಇನ್ನೂ ಹೇಳಿಲ್ಲ. ದಿನಾ ಟೈ ಕಟ್ಕೊಂಡು ಹೊರಡ್ತೀನಿ." ಅವನು ನಗಲು ನೋಡಿದ. "ನಿಮ್ಮನ್ನ ಅರಿಶಿನ ಕುಂಕುಮಕ್ಕೆ ಕರೀಬೇಕಂತೆ ಅವಳಿಗೆ. ಬರ್ಲಿ ಅಂದ ಮೇಡಮ್ಮನ್ನ ನೋಡ್ಬೇಕು ಅಂತಾಳೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

ತರಗತಿಯ ಮುಂದೆ ಎರಡು ಕುರ್ಚಿ ಹಾಕಿದ್ದರು. ಟೋನಿ ಗಂಟಲು ಸರಿಪಡಿಸಿಕೊಂಡು ಶುರುಮಾಡಿದ. "ವೈದೇಹಿ, ನಿಮ್ಮ ಹುದ್ದೆಯನ್ನು ರದ್ದು ಮಾಡಲು ಕಂಪನಿ ತೀರ್ಮಾನಿಸಿದೆ." ಪಾಪ, ಒಳ್ಳೆಯ ಹುಡುಗ, ಕಿವಿ ಕೆಂಪಗಾಗಿದ್ದವು.

ವೈದೇಹಿ ಕಾಗದದಲ್ಲಿ ಬರೆದುಕೊಟ್ಟಿದ್ದ ಉತ್ತರ ಹೇಳಬೇಕಿತ್ತು. ಬಾಯಿ ತೆರೆದಳು. ಮೈಮೇಲೆ ಬಂದವರಂತೆ ಭುಜ ಒಮ್ಮೆ ನಡುಗಿತು, ಒಳಗಿಂದ ಬೇರೆಯೇ ದನಿ ಎದ್ದಿತು.

"ಎಲ್ಲಾ ಛಲೋ ಆಗ್ತದ ಅಂದಿದ್ರಲ್ಲ ಮೇಡಂ? ಅಂದಿದ್ರೋ ಇಲ್ಲೋ? ಅಲ್ಲಿ ನೌಕರಿ ಬಿಟ್ಟು ಬಂದಾಳ್ರೀ ಆಕಿ. ನಿಮ್ಮ ಮಾತ ನಂಬಿ ಬಂದಾಳ!"

ಟೋನಿ ಪೆನ್ನು ಬೀಳಿಸಿದ. ವೈದೇಹಿಯ ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು, ಅವಳಿಗೇ ಅದು ತಿಳಿದಿರಲಿಲ್ಲ.

"ಏನೆಂದಿರಿ?" ಮಾರ್ಗರೆಟ್ ಮೃದುವಾಗಿ ಕೇಳಿದರು.

ಹೇಳಿಬಿಡಬಹುದಿತ್ತು. ಇವರು ಹೊರಗಿನವರು, ಇಲ್ಲಿ ಯಾರ ಕೆಲಸವೂ ಹೋಗುತ್ತಿರಲಿಲ್ಲ.

"ನೋಟಿಸ್ ಅವಧಿ ಎಷ್ಟು ಅಂತ ಕೇಳಿದೆ," ಎಂದಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ಇಷ್ಟು ನೈಜವಾಗಿ ಆ ಪಾತ್ರವನ್ನು ಯಾರೂ ಮಾಡಿರಲಿಲ್ಲ, ಮಾತೃಭಾಷೆಗೆ ಹೊರಳಿದ್ದಂತೂ ಅದ್ಭುತ ಎಂದರು ಮಾರ್ಗರೆಟ್. ಅವಳು ಪಾಸಾಗಿದ್ದಳು, ಅತ್ಯುತ್ತಮ ದರ್ಜೆಯಲ್ಲಿ. ಅದೇ ಸುಳ್ಳು ಇಷ್ಟು ಸಲೀಸಾಗಿ ಎರಡನೇ ಸಲ ಬಂದಿತ್ತು. ಇನ್ನು ಮೂರನೇ ಸಲಕ್ಕೆ ಅದು ಕಣ್ಣೀರನ್ನೂ ಕೇಳುವುದಿಲ್ಲ ಎಂದು ಅವಳಿಗೆ ಅನಿಸಿತು.

ಮನೆಯಲ್ಲಿ ಚಂದ್ರಶೇಖರ್ ಸಾರು ಬಿಸಿ ಮಾಡಿಟ್ಟು ಕಾಯುತ್ತಿದ್ದ. "ಯಾಕ ಹಿಂಗ ಕುಂತಿ? ಫೇಲ್ ಆತೇನು?"

"ಪಾಸಾತು," ಎಂದು ಎಲ್ಲವನ್ನೂ ಹೇಳಿದಳು. ಅವನು ಪೂರ್ತಿ ಕೇಳಿದ. ಕೆಟ್ಟವನಲ್ಲ, ಹೆಂಡತಿ ಪಟ್ಟ ಪಾಡು ಕಂಡವನು.

"ನೋಡು, ಅಂವಾ ತಾನಾಗೇ ನಿನ್ನ ಹೆಸರು ಹೇಳೂದಿಲ್ಲ ಅಂದಾನ. ಸುಮ್ನಿರು. ಒಳ್ಳೇದಾಗ್ಲಿ ಅಂದದ್ದು ತಪ್ಪೇನು? ನಾನೂ ಪೇಶಂಟ್‌ಗೆ ಅಂತೀನಿ."

"ನೀ ಅಂದ ಮ್ಯಾಲೆ ಅವರ ರಿಪೋರ್ಟ್ ಬದ್ಲಿ ಮಾಡ್ತೀಯೇನು? ನಾ ಅಂವನ ಮಾತು ಬದ್ಲಿ ಮಾಡಿ ಹೇಳೀನಿ."

ಚಂದ್ರಶೇಖರ್ ಸಾರಿನ ಪಾತ್ರೆ ಮುಚ್ಚಿಟ್ಟ. "ಈ ವಯಸ್ಸಿನಾಗ ಮತ್ತೊಂದು ನೌಕರಿ ಸಿಗೂದಿಲ್ಲ, ವೈದೇಹಿ," ಎಂದ.

"ಗೊತ್ತದ. ಅಂವಾ ಹೇಳೂದಿಲ್ಲ ಅಂದಾನಲ್ಲ, ಅದಕ್ಕೇ ನನಗ ಸುಮ್ನಿರ್ಲಿಕ್ಕೆ ಆಗವಲ್ತು."

ಮರುದಿನ ವಿಚಾರಣೆಯ ಕೋಣೆಗೆ ಅವಳು ಫೈಲು, ಬರೆಯುವ ಕಾಗದ ಹಿಡಿದು ಹೋದಾಗ ಎಲ್ಲರೂ ಬಂದಾಗಿತ್ತು. ಕಿಟಕಿಯ ಕಡೆಗೆ ನಿರ್ದೇಶಕಿ ಮಿಸ್ ಹ್ಯೂಸ್, ಪಕ್ಕದಲ್ಲಿ ಗ್ರಹಾಂ, ಗ್ರಹಾಂ ಪಕ್ಕದಲ್ಲಿ, ವಿಚಾರಣೆಯ ಮಾತು ಬರೆದುಕೊಳ್ಳಬೇಕಿದ್ದ ಅವಳ ಖಾಲಿ ಕುರ್ಚಿ. ಈಚೆಗೆ, ಬಾಗಿಲಿಗೆ ಬೆನ್ನು ಮಾಡಿ, ಲಕ್ಷ್ಮೀಶ ಒಬ್ಬನೇ. ನೌಕರ ಬೇಕಾದರೆ ತನ್ನ ಪರವಾಗಿ ಒಬ್ಬರನ್ನು ಕರೆತರಬಹುದು. ಅವನಿಗೆ ಯಾರೂ ಸಿಕ್ಕಿರಲಿಲ್ಲ.

ವೈದೇಹಿ ಕಾಗದಗಳನ್ನು ಮೇಜಿನ ನಡುವೆ ಇಟ್ಟಳು. ಲಕ್ಷ್ಮೀಶನ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.

ಗ್ರಹಾಂ ನಕ್ಕ. "ವೈದೇಹಿ, ನಿಮ್ಮ ಜಾಗ ಈ ಕಡೆ."

"ಬೇಡ ಮೇಡಂ," ಎಂದ ಲಕ್ಷ್ಮೀಶ, ತುಟಿ ಅಲ್ಲಾಡದ ಹಾಗೆ.

"ಅವತ್ತು ಇವರು ಕನ್ನಡದಲ್ಲಿ ಒಂದು ಮಾತು ಕೇಳಿದರು," ಎಂದಳು ವೈದೇಹಿ ಮಿಸ್ ಹ್ಯೂಸ್‌ಗೆ. "ನಾನು ಗ್ರಹಾಂಗೆ ಅದರ ಅರ್ಥ ಸುಳ್ಳು ಹೇಳಿದೆ. ಈಗ ಸರಿಯಾಗಿ ಹೇಳುತ್ತೇನೆ."

ಮಿಸ್ ಹ್ಯೂಸ್ ಕನ್ನಡಕ ತೆಗೆದು ಅವಳನ್ನು ನೋಡಿದರು. ಆಮೇಲೆ, ಬರೆದುಕೊಳ್ಳಲು ಯಾರಿದ್ದಾರೆಂದು ಸುತ್ತ ನೋಡಿದರು. ಗ್ರಹಾಂ ಕಾಗದವನ್ನು ತನ್ನ ಕಡೆ ಎಳೆದುಕೊಂಡು, ತಾರೀಕು ಹಾಕಿ, ಅದರ ಕೆಳಗೆ, ಹೇಳಿಕೆ ಕೊಡುವವರು ಎಂಬಲ್ಲಿ, ವೈದೇಹಿಯ ಹೆಸರು ಬರೆದ.