ತಟ್ಟಿ ನೋಡಿ ತಂದ ಲೇತು

ಹದಿನೆಂಟು ವರ್ಷ ಚಲಪತಿ ಪರರ ಲೇತ್ ಯಂತ್ರದ ಮುಂದೆ ನಿಂತು ಕಬ್ಬಿಣ ಕಡೆದಿದ್ದ. ಬರುವ ಶಿವರಾತ್ರಿಯೊಳಗೆ ಸ್ವಂತ ಲೇತು ಆಗಲೇಬೇಕೆಂದು ಅವನ ಹೆಂಡತಿ ಶಶಿರೇಖ ಹಟ ಹಿಡಿದಿದ್ದಳು. ಬಂಗಾರಪೇಟೆಯಲ್ಲಿ ಬಾಡಿಗೆಗೆ ಶೆಡ್ಡು ಗೊತ್ತುಮಾಡಿದ್ದಾಗಿತ್ತು. ಮಹಿಳಾ ಸಂಘದಲ್ಲಿ ಅವಳು ಕೂಡಿಟ್ಟ ಹಣವೂ ಕೈಗೆ ಬಂದಿತ್ತು. ಆದರೆ ಹೊಸ ಯಂತ್ರಕ್ಕೆ ಅದು ಸಾಲದು. ಮುಚ್ಚಿದ ಕಾರ್ಖಾನೆಯೊಂದರ ಹಳೆಯ ಯಂತ್ರಗಳು ಆನ್‌ಲೈನ್ ಹರಾಜಿಗೆ ಬಂದಿವೆ ಎಂದು ತಿಳಿದಾಗ ಇಬ್ಬರಿಗೂ ಜೀವ ಬಂದಂತಾಯಿತು. ಇದ್ದದ್ದು ಸಂಘದ ಅದೊಂದೇ ಗಂಟು. ಅದು ಕೈಬಿಟ್ಟರೆ ಮತ್ತೆ ಪರರ ಲೇತೇ ಗತಿ.

ಉರಿಗಾಂನ ಗಣಿ ಕಾರ್ಮಿಕರ ಲೈನ್ ಮನೆಯ ಮುಂದೆ ಕುಳಿತಿದ್ದ ತಂದೆಗೆ ಚಲಪತಿ ಫೋನು ತೋರಿಸಿದ. ತಂದೆ ಕೋದಂಡಪ್ಪನವರು ಚಿನ್ನದ ಗಣಿಯ ಸುರಂಗದಲ್ಲಿ ಮೂವತ್ತು ವರ್ಷ ದುಡಿದವರು.

"ನೋಡಪ್ಪ, ಗಣಿ ವರ್ಕ್‌ಶಾಪಲ್ಲಿ ಇತ್ತಲ್ಲ, ಅದೇ ಕಂಪ್ನಿ ಲೇತು. ಎಂಗೆ ಮಿಂಚ್ತಾ ಅದೆ."

"ಮಿಂಚ್ತಾ ಇರೋದು ಫೋನ್ ಗ್ಲಾಸು ಕಣ್ಲಾ. ಟನ್ನುಗಟ್ಲೆ ಕಬ್ಣಾನ ಅಂಗೈಲಿ ನೋಡಿ ತಕೊಂತೀಯಾ? ಈ ಅರಾಜೇ ಮೋಸ, ಬುಡು."

"ಓಗಿ ನೋಡೋದೇ ಬ್ಯಾಡಂತೆ. ಏಜೆಂಟೊಬ್ಬ ಫೋನ್ ಮಾಡಿದ್ದ. ಇವತ್ತೇ ಅವನ್ ನಂಬರಿಗೆ ಠೇವಣಿ ಆಕಿದ್ರೆ ಎಲ್ಲಾ ಅವನೇ ಮಾಡಿಕೊಡ್ತಾನಂತೆ."

ಒಳಗಿದ್ದ ಶಶಿರೇಖ ಬಾಗಿಲಿಗೆ ಬಂದಳು.

"ದುಡ್ಡು ನನ್ ಖಾತೇಲಿ ಅದೆ," ಎಂದಳು. "ಭಾರ್ಗವಿ ಅಕ್ಕನ್ನ ಕೇಳೋಗಂಟ ಯಾರ್ಗೂ ಒಂದು ಪೈಸೆ ಇಲ್ಲ."

ನೆರೆಮನೆಯ ಭಾರ್ಗವಿ ಧಾರವಾಡದ ಕಡೆಯವಳು. ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ಕೆಲಸ. ಕರೆದೊಡನೆ ಬಂದು, ಹರಾಜಿನ ಪ್ರಕಟಣೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು.

"ಆ ಏಜೆಂಟನ ಸುದ್ದಿ ಬಿಡ್ರಿ. ಠೇವಣಿ ಕಟ್ಟೋದು ಹರಾಜು ನಡಸೋರ ಖಾತೇಕ್ಕ, ಅದೂ ಈ ಪ್ರಕಟಣೇದಾಗ ಇದ್ದ ಖಾತೇಕ್ಕ ಮಾತ್ರ. ಇನ್ನ ಇಲ್ಲಿ ನೋಡ್ರಿ, ಮಾಲು ಇದ್ದಲ್ಲೇ ಇದ್ದಂಗ ಅಂತ ಬರದಾರ. ಕೊಂಡ ಮ್ಯಾಲ ಕೆಟ್ಟೈತಿ ಅಂದ್ರ ಕೇಳೋರಿಲ್ಲ. ಅದಕ್ಕಂತನ ನೋಡಾಕ ನಾಡಿದ್ದು ಒಂದು ದಿನ ಕೊಟ್ಟಾರ. ಅಜ್ಜಾರ, ನೀವು ಎಮ್ಮೀನ ಫೋಟೊ ನೋಡಿ ಕೊಳ್ತೀರೇನ್ರಿ?"

"ಸೊಸೇನೂ ಫೋಟೊ ನೋಡಿ ತರ್ಲಿಲ್ಲ ಕಣಮ್ಮ," ಎಂದರು ಕೋದಂಡಪ್ಪ. "ನಾನೂ ಬತ್ತೀನಿ ನಡೀರಿ, ಮೋಸ ಅಂತ ತೋರ್ಸೋಕೆ."

ಸುರಂಗದಲ್ಲಿ ಕೆಲಸಕ್ಕೆ ನಿಲ್ಲುವ ಮೊದಲು ತಲೆಯ ಮೇಲಿನ ಬಂಡೆಯನ್ನು ಕಬ್ಬಿಣದ ಸಲಾಕೆಯಿಂದ ತಟ್ಟಿ ಆಲಿಸುವುದು ಗಣಿಯವರ ಪದ್ಧತಿ. ಗಟ್ಟಿ ಬಂಡೆ ಖಣಿಲ್ ಎನ್ನುತ್ತದೆ; ಸಡಿಲ ಬಂಡೆಯ ದನಿ ಸತ್ತಿರುತ್ತದೆ. ನೋಡಲು ಕೊಟ್ಟ ದಿನ, ಮುಚ್ಚಿದ ಕಾರ್ಖಾನೆಯ ಅಂಗಳದಲ್ಲಿ ಕಾವಲುಗಾರನ ಒಪ್ಪಿಗೆ ಪಡೆದು ಕೋದಂಡಪ್ಪನವರು ಸಣ್ಣ ಸುತ್ತಿಗೆ ತೆಗೆದರು. ಮಿಂಚುವ ಲೇತಿನ ಉದ್ದನೆಯ ತಳಭಾಗವನ್ನು ತಟ್ಟುತ್ತ ಸಾಗಿದರು. ಖಣ್, ಖಣ್. ನಡುವೆ ಬಂದಾಗ, ಡಬ್.

"ಇಲ್ಲಿ ಕೆರೀಲಾ."

ಚಲಪತಿ ಬೀಗದ ಕೈಯಿಂದ ಬಣ್ಣ ಕೆರೆದ. ಕೆಳಗೆ ಬಿರುಕು; ಬಿರುಕಿನ ಮೇಲೆ ಬೆಸುಗೆ. ಅವನ ಮುಖ ಕಪ್ಪಿಟ್ಟಿತು.

"ಆ ಏಜೆಂಟು ಇವತ್ತೇ ದುಡ್ಡು ಆಕು ಅಂದಿದ್ದು ಇದಕ್ಕೇನಾ?" ಎಂದಳು ಶಶಿರೇಖ. ಅವಳು ಪಕ್ಕದ ಇನ್ನೊಂದು ಲೇತಿನತ್ತ ತಿರುಗಿ, "ಮಾವ, ಆ ತುಕ್ಕು ಇಡ್ದಿರೋದನ್ನೂ ಒಂದ್ ಸಲ ತಟ್ಟಿ," ಎಂದಳು.

ಅದು ಈ ತುದಿಯಿಂದ ಆ ತುದಿಯವರೆಗೂ ಖಣಿಲೆಂದಿತು. ಚಲಪತಿ ಕೈಯಿಂದ ತಿರುಗಿಸಿ ನೋಡಿದ, ಎಲ್ಲಿಯೂ ಅಲುಗಾಟವಿರಲಿಲ್ಲ.

ಹರಾಜಿಗೆ ಮೊದಲೇ ಶಶಿರೇಖ ಪ್ರಕಟಣೆಯಲ್ಲಿದ್ದ ಖಾತೆಗೆ ಠೇವಣಿ ಕಟ್ಟಿ, ತೆರಿಗೆ, ಕ್ರೇನು, ಲಾರಿ ಎಲ್ಲಕ್ಕೂ ಹಣ ಎತ್ತಿಟ್ಟು, ಉಳಿದದ್ದರಲ್ಲಿ ಕೂಗಿನ ಮಿತಿ ಗೊತ್ತುಮಾಡಿದಳು. ಹರಾಜಿನ ದಿನ ಫೋನಿನಲ್ಲಿ ಕೂಗು ಏರುತ್ತ ಬಂತು. ಅವಳ ಮಿತಿಗೆ ಇನ್ನೊಂದೇ ಮೆಟ್ಟಿಲು ಉಳಿದಿತ್ತು.

"ಇದನ್ನ ದಾಟಿದ್ರೆ ಎದ್ದುಬುಡೋದೇ," ಎಂದಳು. ಚಲಪತಿ ತಲೆಯಾಡಿಸಿ ಕೊನೆಯ ಕೂಗು ಹಾಕಿದ. ಎದುರಿನವರು ಮತ್ತೆ ಕೂಗಲಿಲ್ಲ; ತುಕ್ಕಿನ ಲೇತು ಇವರದಾಯಿತು.

ಶಿವರಾತ್ರಿಗೆ ಐದು ದಿನ ಮುಂಚೆ ಕ್ರೇನು ಲೇತನ್ನು ಶೆಡ್ಡಿನೊಳಗೆ ಇಳಿಸಿತು. ಹರಾಜೇ ಮೋಸವೆಂದಿದ್ದ ಕೋದಂಡಪ್ಪನವರು ಮತ್ತೊಮ್ಮೆ ತಟ್ಟಿ, ಕಿವಿಗೊಟ್ಟು, ಸುತ್ತಿಗೆಯನ್ನು ಸೊಸೆಯ ಕೈಗಿತ್ತರು.

"ಮುಂದಿನ್ ಮಿಷನ್ಗೆ ನೀನೇ ತಟ್ಟಮ್ಮ."

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಹಳೆಯ ಯಂತ್ರ ಕೊಳ್ಳಲು ಹೆದರಬೇಡಿ. ಕಾಣದೆ ಮಾತ್ರ ಕೊಳ್ಳಬೇಡಿ. ನೋಡಲು ಕೊಟ್ಟ ದಿನ, ಕೆಲಸ ಬಲ್ಲವರೊಡನೆ ಹೋಗಿ. ಇವತ್ತೇ ಹಣ ಹಾಕಿ ಎಂದು ಅವಸರಿಸುವ ದನಿಯನ್ನೂ ಒಮ್ಮೆ ತಟ್ಟಿ ಕೇಳಿ. ಅದು ಡಬ್ ಎಂದರೆ, ಫೋನು ಕೆಳಗಿಡಿ.