ಬಾಕಿ ನೂರು

"ಬಾಯಿಗೆ ಅಕ್ಕಿ ಹಾಕೋರು ಬನ್ನಿ. ಬರೀ ನೆಂಟರು," ಎಂದು ಪುರೋಹಿತರು ಕೂಗಿದ್ದೇ ತಡ, ತ್ರಿಪುರಸುಂದರಿ ಮುಂದಿಟ್ಟ ಕಾಲನ್ನು ಹಿಂದಕ್ಕೆಳೆದುಕೊಂಡಳು. ಮುಷ್ಟಿಯಲ್ಲಿ ಆಗಲೇ ನಾಲ್ಕು ಕಾಳು ಅಕ್ಕಿಯಿತ್ತು. ಯಾರೋ ತಟ್ಟೆ ಹಿಡಿದು ಸಾಲಾಗಿ ಹಂಚುತ್ತ ಬಂದವರು ಮುಖ ನೋಡದೆ ಅವಳ ಕೈಗೂ ಹಾಕಿಹೋಗಿದ್ದರು. ಅದನ್ನೀಗ ಎಲ್ಲಿ ಹಾಕುವುದೆಂದು ತಿಳಿಯಲಿಲ್ಲ. ಸೆರಗಿನ ತುದಿಯಲ್ಲಿ ಮನೆಯ ಬೀಗದ ಕೈ ಕಟ್ಟಿಕೊಂಡಿದ್ದಳು. ಅದೇ ಗಂಟು ಬಿಚ್ಚಿ ಅಕ್ಕಿಯನ್ನೂ ಸೇರಿಸಿ ಬಿಗಿದಳು.

ಮಲ್ಲೇಶ್ವರದ ಹದಿನೈದನೇ ಕ್ರಾಸಿನ ಆ ಮನೆಯ ಅಂಗಳದಲ್ಲಿ, ಹೊಸ ಚಿಗುರಿನ ಹೊಂಗೆಯ ಕೆಳಗೆ, ಚೂಡಾಮಣಿ ಮಲಗಿದ್ದಳು. ಮೂಗಿಗೆ ಹತ್ತಿ ಇಟ್ಟಿದ್ದರು. ಕನ್ನಡಕ ತೆಗೆದಿದ್ದರಿಂದ ಮುಖ ಯಾರದೋ ಚಿಕ್ಕ ವಯಸ್ಸಿನ ತಂಗಿಯದೆಂಬ ಹಾಗೆ ಕಾಣುತ್ತಿತ್ತು. ಕಾಲೇಜು ಲೈಬ್ರರಿಯ ಕೌಂಟರಿನಲ್ಲಿ ಮೂವತ್ತು ವರ್ಷ ಪುಸ್ತಕ ಕೊಟ್ಟು, ಪುಸ್ತಕ ವಾಪಸು ತೆಗೆದುಕೊಂಡು, ಹೋದ ವರ್ಷ ರಿಟೈರಾದವಳು. ನಿನ್ನೆ ಮಧ್ಯಾಹ್ನ ಊಟ ಮಾಡಿ ಒರಗಿದವಳು ಏಳಲಿಲ್ಲವಂತೆ.

"ನೀವು ಅವರಿಗೆ ಏನಾಗ್ಬೇಕು ಆಂಟಿ?" ಪಕ್ಕದಲ್ಲಿ ನಿಂತಿದ್ದ ಹೆಂಗಸು ಕೇಳಿದಳು. ಯಶಶ್ರೀ ಅಂತ, ಹಿಂದಿನ ಪೋರ್ಷನ್ನಿನ ಬಾಡಿಗೆಯವಳು.

ಇದೇ ಪ್ರಶ್ನೆಯನ್ನು ಬೆಳಗಿನ ಐದೂವರೆಗೆ ಫೋನಿನಲ್ಲಿ ಚೂಡಾಮಣಿಯ ತಮ್ಮನ ಮಗ ಆಕರ್ಷ ಕೇಳಿದ್ದ. ಅತ್ತೆಯ ಫೋನಿನಲ್ಲಿದ್ದ ಹೆಸರುಗಳಿಗೆಲ್ಲ ಒಂದೊಂದಾಗಿ ಸುದ್ದಿ ಮುಟ್ಟಿಸುತ್ತಿದ್ದ ಹುಡುಗ. ಆಗ ಅವಳು ವಿಳಾಸವನ್ನಷ್ಟೇ ಬರೆದುಕೊಂಡಿದ್ದಳು.

"ಗೊತ್ತಿರೋರು," ಎಂದಳು.

"ಎಲ್ಲಿ, ಲೈಬ್ರರೀಲಾ? ಭಜನೇಲಾ?"

"ಆಸ್ಪತ್ರೇಲಿ."

"ಓ, ನರ್ಸಾ!" ಎಂದು ಯಶಶ್ರೀ ತಾನೇ ಸಮಾಧಾನ ಮಾಡಿಕೊಂಡಳು.

*

ಆಸ್ಪತ್ರೆಯ ಒಂದು ಹಸಿರು ಪರದೆಯ ಆಚೆಗೊಬ್ಬರು, ಈಚೆಗೊಬ್ಬರು ಮಲಗಿದ್ದರು. ಆಚೆ ಚೂಡಾಮಣಿಯ ತಾಯಿ. ಈಚೆ ತ್ರಿಪುರಸುಂದರಿಯ ಗಂಡ ಪರಮಶಿವಯ್ಯ, ಕಾಟನ್‌ಪೇಟೆಯಲ್ಲಿ ಲಾಡಿ, ದಾರ, ಎಲಾಸ್ಟಿಕ್ಕಿನ ಹೋಲ್‌ಸೇಲ್ ಅಂಗಡಿ ಇಟ್ಟವರು. ಐದು ವರ್ಷದ ಹಿಂದಿನ ಮಾತು. ಅವರ ಆಪರೇಷನ್ನಿಗೆಂದು ದುಡ್ಡು ತಂದ ಬೆಳಿಗ್ಗೆಯೇ ಅವರು ಹೋಗಿಬಿಟ್ಟರು. ಕಾಗದಕ್ಕೆ ಸಹಿ ಹಾಕಲು ತ್ರಿಪುರಸುಂದರಿ ಬಿಲ್ಲಿನ ಕಿಟಕಿಗೆ ಬಂದಾಗ, ಪರದೆಯಾಚೆಯ ರೋಗಿಯ ಮಗಳು ಕರ್ಚೀಫಿನಲ್ಲಿ ಎರಡು ಬಳೆ ಕಟ್ಟಿಕೊಂಡು, "ಸಾಯಂಕಾಲದೊಳಗೆ ತಂದ್ಕೊಡ್ತೀನಿ ಸಾರ್, ಅಮ್ಮನ್ನ ಮಾತ್ರ ಕಳಿಸ್ಬೇಡಿ," ಎಂದು ಗಾಜಿಗೆ ಬಾಯಿಟ್ಟು ಬೇಡುತ್ತಿದ್ದಳು.

ತ್ರಿಪುರಸುಂದರಿ ಚೀಲ ಬಿಚ್ಚಿದಳು. "ಒಂದು ಲಕ್ಷದ ಎಂಬತ್ತು ಸಾವಿರ ಇದೆ. ನಮ್ಮೋರಿಗೆ ಇನ್ನು ಬೇಡ. ನೀನು ಕಟ್ಟು."

"ನಾನು ಭಿಕ್ಷೆ ತಗೊಳ್ಳಲ್ಲ."

"ಸಾಲ ಅಂತ ತಗೋ. ನನಗೂ ಈಗ ಜಗಳ ಆಡೋ ಶಕ್ತಿ ಇಲ್ಲ."

ಹಾಗೆ ಶುರುವಾಯಿತು. ಆ ತಾಯಿ ಇನ್ನಾರು ತಿಂಗಳು ಬದುಕಿದರು. ಸಾಲ ಐದು ವರ್ಷ ಬದುಕಿತು. ತಿಂಗಳಿಗೆ ಮೂರು ಸಾವಿರ, ಅರವತ್ತು ಕಂತು, ಬಡ್ಡಿಯಿಲ್ಲ. ಪ್ರತಿ ಒಂದನೇ ತಾರೀಕು ದೀಪ ಹಚ್ಚೋ ಹೊತ್ತಿಗೆ ಚಾಮರಾಜಪೇಟೆಯ ಮನೆಯ ಬಾಗಿಲ ಮೇಲೆ ಮೂರು ಸಲ ಟಕ್ ಟಕ್ ಟಕ್. ಕಂದು ಕವರಿನ ಮೇಲೆ ಮೊತ್ತ ಬರೆದು, ಎರಡೂ ಕೈಯಲ್ಲಿ ಹಿಡಿದು ಕೊಡುತ್ತಿದ್ದಳು. ಆಮೇಲೆ ಕಾಫಿ, ಕೋಡುಬಳೆ, ಎಂಟು ಗಂಟೆಯ ತನಕ ಮಾತು. ಮಕ್ಕಳಿಲ್ಲದ, ಅಂಗಡಿಯೂ ಬಾಡಿಗೆಗೆ ಹೋದ ಆ ಮನೆಗೆ ಬೇರೆ ಯಾರೂ ಬರುತ್ತಿರಲಿಲ್ಲ. ತ್ರಿಪುರಸುಂದರಿ ಇಪ್ಪತ್ತೆಂಟನೇ ತಾರೀಕೇ ಕೋಡುಬಳೆಗೆ ಹಿಟ್ಟು ಹುರಿಯುತ್ತಿದ್ದಳು.

ಯುಗಾದಿಯ ತಿಂಗಳಲ್ಲಿ ಚೂಡಾಮಣಿ ಹೊಸ ಪಂಚಾಂಗವನ್ನೂ ತರುತ್ತಿದ್ದಳು.

"ಕೇಳಿ, ನನ್ನ ರಾಶಿಗೆ ಈ ವರ್ಷ ಆಯ ಎರಡು, ವ್ಯಯ ಹದಿನಾಲ್ಕಂತೆ! ಪಂಚಾಂಗದೋರಿಗೆ ನನ್ನ ಮೇಲೇನು ಕೋಪವೋ. ಅವರ ಲೆಕ್ಕ ಅವರು ಬರೀಲಿ, ನನ್ನ ವರ್ಷದ ಲೆಕ್ಕ ನಾನು ಬರೀತೀನಿ," ಎಂದು ಕೊನೆಯ ಖಾಲಿ ಪುಟದಲ್ಲಿ ಆ ವರ್ಷ ಆಗಬೇಕಾದದ್ದನ್ನೆಲ್ಲ ಪಟ್ಟಿ ಮಾಡುತ್ತಿದ್ದಳು. ಮೊದಲನೆಯದು ಯಾವಾಗಲೂ ಸಾಲ. ಅದರ ಮುಂದೆ ಹನ್ನೆರಡು ಸೊನ್ನೆ ಸುತ್ತಿ, ಪ್ರತಿ ತಿಂಗಳು ಮನೆಗೆ ಹೋದ ಮೇಲೆ ಒಂದು ಸೊನ್ನೆಗೆ ಕುಂಕುಮ ತುಂಬುತ್ತಿದ್ದಳಂತೆ. ಉಳಿದದ್ದನ್ನು ಕೈ ಅಡ್ಡ ಹಿಡಿದು ಬರೆಯುತ್ತಿದ್ದಳು, ಪರೀಕ್ಷೆಯಲ್ಲಿ ಪಕ್ಕದವಳಿಂದ ಮರೆಮಾಡುವ ಹುಡುಗಿಯ ಹಾಗೆ.

"ಅಷ್ಟೇನು ಅವಸರ ನಿಂಗೆ? ನಾನೇನು ಕೋರ್ಟಿನ ಅಮೀನನ್ನ ಕಳಿಸ್ತೀನಾ?"

"ಸಾಲ ಇಟ್ಕೊಂಡು ಸಾಯಬಾರದು ರೀ. ನಮ್ಮಜ್ಜಿ ಹೇಳೋರು. ಒಂದೂರಲ್ಲಿ ಒಬ್ಬಳು ಪಕ್ಕದ ಮನೇಲಿ ಒಂದು ಬಟ್ಟಲು ಎಣ್ಣೆ ಕಡ ತಗೊಂಡು ತೀರಿಸದೇ ಹೋಗ್ಬಿಟ್ಲಂತೆ. ಆಮೇಲೆ ಬೆಕ್ಕಾಗಿ ಹುಟ್ಟಿ ಅದೇ ಮನೆ ಬಾಗಿಲಿಗೆ ಬಂದ್ಲಂತೆ. ಏಳು ವರ್ಷ ಇಲಿ ಹಿಡಿದು ಕೊಟ್ಟು ಎಣ್ಣೆ ಋಣ ತೀರಿಸಿದ್ಲಂತೆ."

"ಆ ಏಳು ವರ್ಷ ಕುಡಿದ ಹಾಲಿನ ಸಾಲ?"

ಚೂಡಾಮಣಿ ಕಾಫಿ ನೆತ್ತಿಗೇರುವಷ್ಟು ನಕ್ಕಿದ್ದಳು.

"ಅಲ್ಲದೆ ನಮ್ಮೋರಲ್ಲಿ ಮತ್ತೆ ಹುಟ್ಟೋ ಪಂಚಾಯ್ತಿ ಇಲ್ಲ ಕಣೆ," ಎಂದಿದ್ದಳು ತ್ರಿಪುರಸುಂದರಿ, ಹಣೆಯ ವಿಭೂತಿ ಮುಟ್ಟಿಕೊಂಡು. "ಹೋದ್ರೆ ಹೋದ್ವಿ, ಶಿವನಲ್ಲಿ ಐಕ್ಯ."

ಚೂಡಾಮಣಿಯ ನಗು ನಿಂತಿತ್ತು. "ಹಂಗಾದ್ರೆ ನಾನು ಬೆಕ್ಕಾಗಿ ಬಂದ್ರೂ ನೀವು ಮನೇಲಿರಲ್ಲ."

*

ಆಕರ್ಷ ಮಹಡಿಯಿಂದ ಇಳಿದು ಬಂದ. ಕೈಯಲ್ಲಿ ಆ ವರ್ಷದ ಪಂಚಾಂಗ.

"ಅಮ್ಮಾ, ಇದನ್ನ ನೋಡು. ಅತ್ತೆ ಏನೇನೋ ಬರೆದಿಟ್ಟಿದಾರೆ. 'ಎಡಗಣ್ಣಿನ ಪೊರೆ ತೆಗೆಸುವುದು', ಇದಕ್ಕೆ ರೈಟ್ ಹಾಕಿದೆ. 'ಮೆಟ್ರೋದಲ್ಲಿ ಕೊನೆಯ ಸ್ಟೇಷನ್ ತನಕ ಹೋಗಿ ಬರುವುದು, ಎರಡು ಟಿಕೆಟ್'. ಇದಕ್ಕಿಲ್ಲ."

"ಎರಡು ಯಾರಿಗಂತೆ?" ಎಂದಳು ಅವನ ತಾಯಿ ಪ್ರಿಯಂವದಾ. "ಹೋಗೋಕೊಂದು, ಬರೋಕೊಂದು ಇರ್ಬೇಕು. ಇನ್ಯಾರಿದ್ರು ನಮ್ಮ ಚೂಡಕ್ಕಂಗೆ."

ತ್ರಿಪುರಸುಂದರಿ ಹೊಂಗೆಯ ಕಾಂಡಕ್ಕೆ ಕೈಯೂರಿದಳು. 'ನೀವು ಮೆಟ್ರೋ ಹತ್ತಿದೀರಾ?' ಎಂದು ಚೂಡಾಮಣಿ ಒಂದು ಸಲ ಕೇಳಿದ್ದಳು. 'ಯಾರ ಜೊತೆ ಹತ್ಲಿ?' ಎಂದಿದ್ದಳು ತಾನು. ಮಾತು ಅಲ್ಲಿಗೇ ನಿಂತಿತ್ತು.

"ಮೊದಲನೇದು ಸಾಲ ಅಂತಿದೆ," ಆಕರ್ಷ ಓದಿದ. "'ಯುಗಾದಿಯೊಳಗೆ ಪೂರ್ತಿ ತೀರಿಸಿ ಹಗುರಾಗುವುದು'. ಹನ್ನೊಂದು ಸೊನ್ನೆ ತುಂಬಿದೆ, ಒಂದು ಖಾಲಿ. ಯಾರಿಗೋ ಕೊಡೋದಿದೆ ಅನ್ಸತ್ತೆ. ಇಲ್ಲಿ ಒಂದ್ಸಲ ಕೇಳ್ಬಿಡ್ಲಾ?"

"ಸುಮ್ನಿರೋ. ನೀನು ಕೇಳಿದ್ರೆ ಹತ್ತು ಜನ ಕೈಯೆತ್ತುತಾರೆ. ಗಾಡಿ ಬರೋ ಹೊತ್ತಾಯ್ತು, ಹರಿಶ್ಚಂದ್ರ ಘಾಟಲ್ಲಿ ಹನ್ನೊಂದೂವರೆಗೆ ಟೈಮು."

ಆ ಒಂದು ಸೊನ್ನೆ ಯಾಕೆ ಖಾಲಿ ಉಳಿಯಿತು ಎಂಬುದು ಆ ಅಂಗಳದಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು.

*

ಫೆಬ್ರವರಿ ಒಂದನೇ ತಾರೀಕು ಚೂಡಾಮಣಿ ಚಪ್ಪಲಿ ಮೆಟ್ಟಿಕೊಳ್ಳುತ್ತ, "ಇನ್ನೊಂದೇ ಕಂತು. ಆಮೇಲೆ ನಿಮಗೆ ನನ್ನ ಕಾಟ ಇಲ್ಲ," ಎಂದಿದ್ದಳು. ತಮಾಷೆಗೇ ಅಂದದ್ದು. ಆದರೆ ಆ ಮಾತು ತ್ರಿಪುರಸುಂದರಿಯ ಎದೆಯಲ್ಲಿ ನುಂಗಲಾರದ ನೆಲ್ಲಿಕಾಯಿಯಂತೆ ಇಡೀ ತಿಂಗಳು ಕೂತಿತು. ಕಂತು ಮುಗಿದ ಮೇಲೆ ಅವಳು ಯಾಕೆ ಬರುತ್ತಾಳೆ? ಮಲ್ಲೇಶ್ವರದಿಂದ ಎರಡು ಬಸ್ಸು ಹತ್ತಿ, ಯಾವ ಸಂಬಂಧಕ್ಕೆ?

ಮಾರ್ಚಿ ಒಂದಕ್ಕೆ ಕೋಡುಬಳೆ ಮಾಡಲಿಲ್ಲ. ದೀಪ ಹಚ್ಚಿದಳು, ಹಾಲ್‌ನ ಲೈಟು ಹಾಕಿದಳು. ಟಕ್ ಟಕ್ ಟಕ್. ಎದ್ದು ಬಂದು ಚಿಲಕದ ಮೇಲೆ ಕೈಯಿಟ್ಟವಳು ಹಾಗೇ ನಿಂತುಬಿಟ್ಟಳು. ತೆಗೆದರೆ ಮುಗಿದುಹೋಗುತ್ತದೆ. ತೆಗೆಯದಿದ್ದರೆ ಇನ್ನೊಂದು ತಿಂಗಳು ಇರುತ್ತದೆ.

"ತ್ರಿಪುರಾ ಅವರೇ?" ಎಂದಿತು ಹೊರಗಿನ ದನಿ.

ಅವಳು ಉಸಿರು ಹಿಡಿದಳು. ಮತ್ತೆ ಮೂರು ಸಲ ಬಡಿತ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಹೋದಳೇನೋ ಅಂದುಕೊಳ್ಳುವಷ್ಟರಲ್ಲಿ ಚಪ್ಪಲಿಯ ಸದ್ದು ಮೆಟ್ಟಿಲಿಳಿಯಿತು. ನಾಳೆ ಫೋನು ಮಾಡಿ, ದೇವಸ್ಥಾನಕ್ಕೆ ಹೋಗಿದ್ದೆ ಎಂದರಾಯಿತು ಅಂದುಕೊಂಡಳು. ನಾಳೆಯೂ ಮಾಡಲಿಲ್ಲ, ನಾಡಿದ್ದೂ ಮಾಡಲಿಲ್ಲ. ನಾಲ್ಕನೇ ತಾರೀಕು ಚೂಡಾಮಣಿ ಊಟ ಮಾಡಿ ಒರಗಿದಳು.

*

ಗಾಡಿ ಬಂತು. ನಾಲ್ಕು ಜನ ಚಟ್ಟಕ್ಕೆ ಕೈ ಹಾಕಿದರು.

"ಒಂದ್ನಿಮಿಷ," ಎಂದಳು ತ್ರಿಪುರಸುಂದರಿ. ದನಿ ತನ್ನದಲ್ಲ ಅನ್ನುವಷ್ಟು ಜೋರಾಗಿತ್ತು. "ಆ ಸಾಲ ನಂದು. ಮೂರು ಸಾವಿರ ಬರ್ಬೇಕು."

ಚಟ್ಟಕ್ಕೆ ಹಾಕಿದ ಕೈಗಳು ಹಿಂದಕ್ಕೆ ಬಂದವು.

"ಬೆಳಗ್ಗಿಂದ ಇದಕ್ಕಾ ನಿಂತಿದ್ದು!" ಎಂದಳು ಯಶಶ್ರೀ. "ನಾನು ನರ್ಸು ಅನ್ಕೊಂಡಿದ್ದೆ."

"ಹೆಣ ಎತ್ತೋಕೂ ಬಿಡಲ್ವಲ್ಲಾ ಜನ!" ಪ್ರಿಯಂವದಾ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಎಲ್ಲಿಯವರಮ್ಮ ನೀವು?"

"ಚಾಮರಾಜಪೇಟೆ. ಕಾಟನ್‌ಪೇಟೇಲಿ ನಮ್ಮ ಅಂಗಡಿ ಇತ್ತು."

"ಅದಕ್ಕೇ ಮತ್ತೆ! ಬಡ್ಡಿ ಬಿಟ್ಟಿದೀರಾ, ಇಲ್ಲಾ ಅದೂ ಇದ್ಯಾ?"

ಬಾಗಿಲು ತೆಗೆಯದ ಕತೆಯನ್ನು ಹೇಳಬಹುದಿತ್ತು. ಬೆಕ್ಕಿನ ಕತೆಯನ್ನೂ ಹೇಳಬಹುದಿತ್ತು. ಹೇಳಿದ್ದರೆ ಯಾರಾದರೂ ಅಯ್ಯೋ ಅನ್ನುತ್ತಿದ್ದರೋ ಏನೋ. ಅದು ತನಗೆ ಸಲ್ಲುವ ಅಯ್ಯೋ ಅಲ್ಲ ಅನ್ನಿಸಿತು.

"ಬಡ್ಡಿ ಇಲ್ಲ," ಎಂದಳು. "ಆದ್ರೆ ಅವಳ ದುಡ್ಡಿಂದ್ಲೇ ಆಗ್ಬೇಕು. ಅವಳನ್ನ ಎತ್ತೋ ಮುಂಚೆ."

"ಆಂಟಿ, ನಂಬರ್ ಕೊಡಿ, ನಾನೇ ಫೋನಲ್ಲಿ ಹಾಕ್ಬಿಡ್ತೀನಿ," ಎಂದ ಆಕರ್ಷ, ನಾಚಿಕೆಯಿಂದ.

"ಬೇಡಪ್ಪ. ಅವಳ ಬಟ್ಟೆ ಚೀಲದಲ್ಲಿ ಕಂದು ಕವರ್ ಇರತ್ತೆ, ನೋಡು."

ಇತ್ತು. ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದ ಚೀಲದಲ್ಲೇ ಇತ್ತು. ಆಕರ್ಷ ಎಣಿಸಿದ. ಎರಡನೇ ಸಲ ಎಣಿಸಿದ.

"ಎರಡು ಸಾವಿರದ ಒಂಬೈನೂರು ಇದೆ. ಕವರ್ ಮೇಲೂ ಅಷ್ಟೇ ಬರೆದು, 'ಬಾಕಿ 100' ಅಂತ ಹಾಕಿದಾರೆ."

ತ್ರಿಪುರಸುಂದರಿಗೆ ಅರ್ಥವಾಗಲಿಲ್ಲ. ಐವತ್ತೊಂಬತ್ತು ಕಂತು, ಒಂದು ರೂಪಾಯಿ ಹೆಚ್ಚು ಕಮ್ಮಿ ಮಾಡದವಳು.

"ಆ ನೂರೂ ಬೇಕು," ಎಂದಳು.

ಪ್ರಿಯಂವದಾ ಹಣೆ ಹಣೆ ಚಚ್ಚಿಕೊಂಡಳು. ಆಗ ಮನೆಯ ಓನರು ಶ್ರೀನಿವಾಸಯ್ಯ ಜೇಬಿನಿಂದ ನೂರರ ನೋಟು ತೆಗೆದರು. "ತಗೊಳ್ಳಮ್ಮ. ಇದೂ ಅವಳದೇ ದುಡ್ಡು. ಬಾಡಿಗೆ ಅಡ್ವಾನ್ಸು ನನ್ನ ಹತ್ರ ಇದೆ, ಅದ್ರಲ್ಲಿ ಮುರ್ಕೋತೀನಿ."

"ಈಗ ಆ ಸೊನ್ನೆ ತುಂಬಿಬಿಡಪ್ಪ," ಎಂದಳು ತ್ರಿಪುರಸುಂದರಿ.

ಸತ್ತ ಮನೆಯಲ್ಲಿ ಕುಂಕುಮದ ಬಟ್ಟಲು ಯಾರು ಮುಟ್ಟುತ್ತಾರೆ? ಆಕರ್ಷ ಜೇಬಿನಲ್ಲಿದ್ದ ಕೆಂಪು ಪೆನ್ನಿನಿಂದ ಹನ್ನೆರಡನೆಯ ಸೊನ್ನೆಯನ್ನು ತಿದ್ದಿ ತಿದ್ದಿ ತುಂಬಿದ. ಬಣ್ಣ ಒಂದು ಕಡೆ ಗೆರೆ ದಾಟಿತು.

"ಗೋವಿಂದಾ," ಎಂದರು ಯಾರೋ. ಚೂಡಾಮಣಿಯನ್ನು ಎತ್ತಿದರು. ಗಾಡಿ ಕ್ರಾಸಿನ ತಿರುವಿನಲ್ಲಿ ಮರೆಯಾಗುವ ಮೊದಲೇ ಯಶಶ್ರೀ ಬಕೆಟ್ಟಿನ ನೀರು ತಂದು ಅಂಗಳಕ್ಕೆ ಸುರಿದಳು. ತ್ರಿಪುರಸುಂದರಿಯ ಪಾದವನ್ನು ನೋಡಿಯೇ ಸುರಿದಳು.

*

ಅವಳು ಒದ್ದೆ ಕಾಲಿನಲ್ಲೇ ಸಂಪಿಗೆ ರಸ್ತೆಯ ಉದ್ದಕ್ಕೂ ನಡೆದಳು. ಮೆಟ್ರೋ ಸ್ಟೇಷನ್ನಿನ ಕೌಂಟರಿನಲ್ಲಿ, "ಕೊನೇ ಸ್ಟೇಷನ್‌ಗೆ. ಹೋಗಿ ಬರೋಕೆ," ಎಂದಳು.

"ಎಷ್ಟು ಜನ ಅಮ್ಮ?"

"ಒಬ್ಬಳೇ."

ರೈಲು ನೆಲದಡಿ ಇಳಿದು, ಮತ್ತೆ ಮೇಲೆ ಬಂದು, ಯಾರ ಯಾರದೋ ತಾರಸಿಗಳ ಮೇಲಿನ ಸೀರೆ, ನೀರಿನ ಟ್ಯಾಂಕು, ತುಳಸಿ ಕುಂಡಗಳನ್ನೆಲ್ಲ ತೋರಿಸುತ್ತ ಓಡಿತು. ಕೊನೆಯ ಸ್ಟೇಷನ್ನಿನಲ್ಲಿ ಇಳಿದು ಕಲ್ಲು ಬೆಂಚಿನ ಮೇಲೆ ಕೂತಳು. ಬಿಸಿಲು ಇಳಿಯುವವರೆಗೂ ಕೂತಳು.

ಚಾಮರಾಜಪೇಟೆಗೆ ವಾಪಸು ಬರುವ ಹೊತ್ತಿಗೆ ಬೀದಿದೀಪ ಹತ್ತಿತ್ತು. ತನ್ನ ಮನೆಯ ಮೆಟ್ಟಿಲ ಮೇಲೆ ನಿಂತು ಕನ್ನಡಕ ಹಾಕಿಕೊಂಡು ಕವರನ್ನು ಬೆಳಕಿಗೆ ಹಿಡಿದಳು. ನೀಲಿ ಶಾಯಿಯಲ್ಲಿ '3,000, ಪೂರ್ತಿ ಚುಕ್ತಾ' ಎಂದು ದುಂಡಗೆ ಬರೆದಿತ್ತು. ಅದರ ಮೇಲೆ ಬೇರೆ ಪೆನ್ನಿನ ಅಡ್ಡಗೆರೆ. ಕೆಳಗೆ ಅದೇ ಬೇರೆ ಪೆನ್ನಿನಲ್ಲಿ '2,900. ಬಾಕಿ 100', ಮತ್ತು ತಾರೀಕು. ಮಾರ್ಚಿ ಒಂದು, ರಾತ್ರಿ.

ಸೆರಗಿನ ಗಂಟು ಬಿಚ್ಚಿದಳು. ಬೀಗದ ಕೈಯ ಜೊತೆ ನಾಲ್ಕು ಕಾಳು ಅಕ್ಕಿ ಹೊಸಿಲ ಮೇಲೆ ಉದುರಿತು. ಬಗ್ಗಿ ಆರಿಸಿಕೊಳ್ಳಲು ಹೋದವಳು ತಲೆಯೆತ್ತಿದಳು.

ಬೆಳಿಗ್ಗೆ ಫೋನು ಬಂದ ಗಾಬರಿಯಲ್ಲಿ ಹಾಲ್‌ನ ಲೈಟು ಆರಿಸದೆ ಹೋಗಿದ್ದಳು. ಬಾಗಿಲ ನಡುವೆ ಗಂಡ ಹಾಕಿಸಿದ್ದ ಸುಕ್ಕುಸುಕ್ಕು ಗಾಜು. ಹಗಲಲ್ಲಿ ಕಪ್ಪಗೆ ಏನೂ ಕಾಣಗೊಡದ ಗಾಜು. ದೀಪವಿಟ್ಟ ಮನೆಯನ್ನು ಅವಳು ಯಾವತ್ತೂ ಹೊರಗಿನಿಂದ ನೋಡಿರಲಿಲ್ಲ, ದೀಪವಿಡುವವಳು ಅವಳೊಬ್ಬಳೇ ತಾನೆ. ಈಗ ಒಳಗೆ ಚಿಲಕದ ಪಕ್ಕದ ಗೂಟಕ್ಕೆ ಅವಸರದಲ್ಲಿ ಎಸೆದುಹೋದ ಹಸಿರು ಸೀರೆ ತೂಗುತ್ತಿತ್ತು. ಅದರ ಹೆಗಲು ಕಾಣುತ್ತಿತ್ತು, ಮಡಿಕೆ ಕಾಣುತ್ತಿತ್ತು, ಅಂಚಿನ ಕಂದು ಬಣ್ಣ ಕೂಡ ಕಾಣುತ್ತಿತ್ತು. ಯಾರೋ ಉಸಿರು ಹಿಡಿದು ನಿಂತ ಹಾಗೆ. ಮಾರ್ಚಿ ಒಂದರ ಸಂಜೆ ಹೊರಗೆ ನಿಂತವಳಿಗೂ ತಾನು ಹೀಗೇ ಕಂಡಿರಬೇಕು.

ಒಂದು ಕೈಯಲ್ಲಿ ಶ್ರೀನಿವಾಸಯ್ಯನವರು ಕೊಟ್ಟ ನೂರರ ನೋಟು ಬೆವರಿಗೆ ಮೆತ್ತಗಾಗಿತ್ತು. ಇನ್ನೊಂದು ಕೈಯೆತ್ತಿ ತ್ರಿಪುರಸುಂದರಿ ಬಾಗಿಲು ಬಡಿದಳು. ಟಕ್ ಟಕ್ ಟಕ್.

ಒಳಗೆ ಸೀರೆ ಅಲುಗಾಡಲಿಲ್ಲ.