ಕೈಗುಣ

"ಮದ್ದು ಹೊಟ್ಟೆಗೋಗಿದ್ರೆ ಇವು ಹಿಂಗೆ ಕುಣೀತಿದ್ವೇನೇ?" ಚಿಕ್ಕಮಾರಮ್ಮ ಸೊಸೆಯ ಮೇಲೆ ಎಗರಿಬಿದ್ದಳು.

ಕುರಿರೊಪ್ಪದ ಮುಂದೆ, ಗೋಣಿಚೀಲದ ಮೇಲೆ, ಗುಬ್ಬಿಯಿಂದ ಬಂದಿದ್ದ ಪಶುವೈದ್ಯೆ ಅಪರ್ಣ ಸತ್ತ ಕುರಿಯ ಹೊಟ್ಟೆಯನ್ನು ಸೀಳಿಟ್ಟಿದ್ದರು. ಒಳಗೆ ಕೆಂಪು ದಾರದಂಥ ಹುಳಗಳು ಒಂದಕ್ಕೊಂದು ಸುತ್ತಿಕೊಂಡು ಗಿಜಿಗುಡುತ್ತಿದ್ದವು.

"ಬಿದಿರುಗೊಟ್ಟದಲ್ಲಿ ನಾನೇ ಕುಡ್ಸಿದೀನಿ, ಅತ್ತೆ," ಎಂದಳು ಸುಶ್ಮಿತಾ.

"ನೆಲಕ್ಕೆ ಕುಡ್ಸಿದೀಯ. ಇಲ್ಲಾಂದ್ರೆ ನಿನ್ ಕೈಗುಣ. ನಾನ್ ಕುಡ್ಸೋವಾಗ ಒಂದಾದ್ರೂ ಸತ್ತಿತ್ತಾ? ನಾಳೆಯಿಂದ ಕುರಿ ದೊಡ್ಡಸೊಸೆ ಮೇಯಿಸ್ತಾಳೆ. ನೀನು ಕುಣಿಗಲ್ ಬಸ್ಸತ್ತು. ನಿಮ್ಮಪ್ಪನ ಮನೇಲಿ ಕೈ ತೊಳ್ಕೊಂಡು ಕೂತ್ಕೋ."

ಮಂದೆಯಲ್ಲಿ ಅರ್ಧಕ್ಕರ್ಧ ಸುಶ್ಮಿತಾ ತವರಿನಿಂದ ತಂದ ಕುರಿಗಳ ಸಂತಾನ. ಅದನ್ನು ಆ ಹಟ್ಟಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

"ಮದ್ದೇ ನಾಟ್ತಿಲ್ವೇನೋ," ಎಂದರು ಅಪರ್ಣ. "ವರ್ಷಗಟ್ಟಲೆ ಅದೇ ಮದ್ದು, ಅದನ್ನೂ ಅರ್ಧರ್ಧ ಕುಡಿಸಿದ್ರೆ ಹುಳ ಪಳಗಿಬಿಡ್ತವೆ."

ಅರ್ಧರ್ಧ ಎಂದಾಗ ಚಿಕ್ಕಮಾರಮ್ಮ ಎಲೆಯಡಿಕೆ ಉಗುಳಲು ಆಚೆ ತಿರುಗಿದಳು.

ಸುಶ್ಮಿತಾ ಎರಡು ತಟ್ಟೆಗಳಲ್ಲಿ ಉಗುರುಬೆಚ್ಚನೆಯ ಉಪ್ಪುನೀರು ತಂದು ಜಗಲಿಯ ಮೇಲಿಟ್ಟಳು. "ಹುಳಾನ ಇದ್ರಲ್ಲಿ ಬುಟ್ಟು ನೋಡೇಬುಡಾಣ, ಡಾಕ್ಟ್ರಮ್ಮ."

"ಅಯ್ಯೋ ಹಾಳಾದೋಳೆ, ಉಣ್ಣೋ ತಟ್ಟೆ!"

"ಒಂದು ನಂದೇ ಬುಡಿ. ಇನ್ನೊಂದು ನಿಮ್ದು."

ಎರಡಕ್ಕೂ ಒಂದಿಷ್ಟು ಹುಳ ಬಿಟ್ಟು, ಮೊದಲ ತಟ್ಟೆಗೆ ಅಪರ್ಣ ತಮ್ಮ ಚೀಲದಲ್ಲಿದ್ದ ಬೇರೆ ಮದ್ದು ಹನಿಸಿದರು. ಸ್ವಲ್ಪ ಹೊತ್ತಿಗೇ ಹುಳಗಳು ಜಾಲಿಮುಳ್ಳಿನಂತೆ ಸೆಟೆದುಕೊಂಡವು. ಮನೆಯಲ್ಲಿದ್ದ ಹಳೆಯ ಮದ್ದಿನ ಬಾಟಲಿಯನ್ನು ಸುಶ್ಮಿತಾ ಅತ್ತೆಯ ಕಡೆ ಚಾಚಿದಳು.

"ಇದನ್ನ ನೀವೇ ಹಾಕಿ. ನಿಮ್ ಕೈಗುಣ ಒಳ್ಳೇದಲ್ವಾ?"

ಚಿಕ್ಕಮಾರಮ್ಮ ಅವಳನ್ನೇ ದುರುಗುಟ್ಟಿ ನೋಡಿ, ಬಲಗೈಯನ್ನು ಕಣ್ಣಿಗೊತ್ತಿಕೊಂಡು ಸುರಿದಳು.

"ಇದು ನಿಧಾನದ ಮದ್ದು. ಸಂಜೆವರೆಗೂ ನೋಡಿ," ಎಂದ ಅಪರ್ಣ, ಹೊಸ ಬಾಟಲಿಯನ್ನು ಅಲ್ಲೇ ಬಿಟ್ಟು ಹೊರಟರು.

ಅಜ್ಜಿಯ ಕಥೆಗಳಲ್ಲಿ ರಾಕ್ಷಸನ ಪ್ರಾಣ ಏಳು ಕೆರೆಗಳಾಚೆಯ ದುಂಬಿಯೊಳಗಿರುತ್ತಿತ್ತು. ಸುಶ್ಮಿತಾಳದು ಅವತ್ತು ಜಗಲಿಯ ಮೇಲಿನ ತಟ್ಟೆಯಲ್ಲಿತ್ತು. ತಟ್ಟೆಗಳ ಆಚೆಗೊಬ್ಬಳು ಈಚೆಗೊಬ್ಬಳು ಕೂತರು. ಇನ್ನೊಬ್ಬಳನ್ನು ನಂಬಿ ಉಣ್ಣಲು ಇಬ್ಬರೂ ಏಳಲಿಲ್ಲ.

ಬಿಸಿಲು ಇಳಿಯಿತು. ಡಾಕ್ಟರ ತಟ್ಟೆಯ ಹುಳಗಳು ತಳ ಹಿಡಿದಿದ್ದವು. ಅತ್ತೆಯ ತಟ್ಟೆಯಲ್ಲಿ ಅವು ಸುತ್ತಿಕೊಳ್ಳುತ್ತ, ಬಿಚ್ಚಿಕೊಳ್ಳುತ್ತ ಇದ್ದವು. ಚಿಕ್ಕಮಾರಮ್ಮ ತಟ್ಟೆ ಅಲುಗಿಸಿದಳು. ಬಾಟಲಿಯಲ್ಲಿ ಉಳಿದಿದ್ದನ್ನೆಲ್ಲ ಬಗ್ಗಿಸಿದಳು. ಬೆಳ್ಳನೆಯ ನೀರಿನಿಂದ ಒಂದು ಕೆಂಪು ದಾರ ಮೆಲ್ಲಗೆ ತಲೆಯೆತ್ತಿತು.

"ನೀರಿಗೆ ಏನೋ ಬೆರೆಸಿದೀಯ, ಮಾಟಗಾತಿ," ಎಂದಳು. ದನಿಯಲ್ಲಿ ಬೆಳಗಿನ ಜೋರಿರಲಿಲ್ಲ.

ಸುಶ್ಮಿತಾ ಸೂರಿನಲ್ಲಿ ಸಿಕ್ಕಿಸಿದ್ದ ಗೊಟ್ಟವನ್ನು ಎಳೆದುಕೊಂಡು, ಹೊಸ ಬಾಟಲಿ ಹಿಡಿದು ರೊಪ್ಪಕ್ಕೆ ನಡೆದಳು. ಮೊದಲ ಕುರಿಯ ದವಡೆ ಬಿಡಿಸುತ್ತಿದ್ದಾಗ ಬಚ್ಚಲ ಕಡೆಯಿಂದ ಪರಪರ ತಿಕ್ಕುವ ಸದ್ದು ಕೇಳಿ ತಿರುಗಿದಳು.

ತಟ್ಟೆಗಳು ಜಗಲಿಯ ಮೇಲೇ ಇದ್ದವು. ಅತ್ತೆ ಒಲೆಯ ಬೂದಿ ಹಚ್ಚಿ ತನ್ನ ಬಲಗೈಯನ್ನು ಉಜ್ಜಿಕೊಳ್ಳುತ್ತಿದ್ದಳು.